ದೊಡ್ಡ ಬ್ಯಾಟರಿ ತಂದು ಪೇಚಿಗೆ ಸಿಕ್ಕಿದ್ದು

ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುವ ಮನೆಯಲ್ಲಿ ಇರುವವರ ಕಿವಿ ತುಂಬ ಚುರುಕು. ಫ್ಯಾನಿನ ಸದ್ದು ಚೂರು ಬದಲಾದರೆ ಸಾಕು, ನಿದ್ದೆಯಲ್ಲೂ ಗೊತ್ತಾಗುತ್ತದೆ, ಈಗ ಇನ್ವರ್ಟರ್ ಮೇಲೆ ಓಡ್ತಿದೆ ಅಂತ. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಅದು ಕೊಡುವ ಕರೆಂಟಿನ ಅಲೆ ಚೌಕಚೌಕ, ಅದರಲ್ಲಿ ಫ್ಯಾನ್ ಗೊಂಯ್ ಅನ್ನುತ್ತಿತ್ತು. ಹೊಸದಾಗಿ ತಗೊಳ್ಳುವವರು ಸುಮ್ನೆ ಲೈನಿನ ಕರೆಂಟಿನ ಹಾಗೇ ನಯವಾದ ಅಲೆ ಕೊಡುವ ಸೈನ್ ವೇವ್ ತಗೊಂಡುಬಿಡಿ.

ಮೊದಲು 150 ಎ.ಎಚ್. (ಆಂಪಿಯರ್ ಅವರ್, ಎಷ್ಟು ಆಂಪ್ ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ) ಬ್ಯಾಟರಿ ಇತ್ತು. ಐದು ಗಂಟೆ ಬರುತ್ತಿದ್ದದ್ದು ಬರ್ತಾ ಬರ್ತಾ ಎರಡು ಗಂಟೆಗೆ ಇಳಿಯಿತು. ಬ್ಯಾಟರಿ ಸಾಲುತ್ತಿಲ್ಲ ಅಂದುಕೊಂಡು 200 ಎ.ಎಚ್.ದು ತಂದು ಕೂರಿಸಿದೆ. ದೊಡ್ಡದು ಬಂತಲ್ಲ ಅನ್ನೋ ಧೈರ್ಯದಲ್ಲಿ ಟಿವಿಯನ್ನೂ ಅದೇ ಲೈನಿಗೆ ಹಾಕಿದೆವು. ಕೆಲವು ತಿಂಗಳು ಆರಾಮ. ಆಮೇಲೆ ಮತ್ತೆ ಅದೇ ಹಾಡು.

ಆಗ ಕೂತು ಲೆಕ್ಕ ಹಾಕಿದೆ. 75 ವ್ಯಾಟಿನ ಎರಡು ಫ್ಯಾನ್, 9 ವ್ಯಾಟಿನ ನಾಲ್ಕು ಬಲ್ಬ್, ಒಂದು ರೂಟರ್, ಟಿವಿ ಬಿಟ್ಟೇ ಹತ್ತಿರ ಹತ್ತಿರ 200 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಅಷ್ಟು ಎಳೆಯಬೇಕಾದರೆ ಇನ್ವರ್ಟರ್ ತಿನ್ನುವುದೂ ಸೇರಿ ಸುಮಾರು 20 ಆಂಪ್ ಬೇಕು. ನಮ್ಮ ಇನ್ವರ್ಟರ್ ಚಾರ್ಜ್ ಮಾಡುವುದು 10 ಆಂಪಿನಲ್ಲಿ. ಅಂದರೆ ಒಂದು ಗಂಟೆ ಕರೆಂಟ್ ಹೋದರೆ ಅದನ್ನು ತುಂಬಿಸೋಕೆ ಎರಡು ಗಂಟೆಗೂ ಜಾಸ್ತಿ ಕರೆಂಟ್ ಇರಬೇಕು, ಅದರಲ್ಲೂ ಕೊನೆಯ ಭಾಗ ತುಂಬುವಾಗ ಇನ್ನೂ ನಿಧಾನ. ಎರಡು ಗಂಟೆ ಹೋಗಿ, ಎರಡು ಗಂಟೆ ಬಂದು, ಮತ್ತೆ ಹೋದರೆ ಇದು ಯಾವತ್ತಿಗೂ ತುಂಬುವ ಮಾತಲ್ಲ. ಹತ್ತು ಸಂಪಾದಿಸಿ ಇಪ್ಪತ್ತು ಖರ್ಚು ಮಾಡುವ ಸಂಸಾರಕ್ಕೆ ದೊಡ್ಡ ಪೆಟ್ಟಿಗೆ ತಂದುಕೊಟ್ಟರೆ ಏನು ಬಂತು, ಅಲ್ವಾ?

ಇನ್ವರ್ಟರಿಗೆ ಹಾಕಿದ ನಮ್ಮಂಥ ಲೆಡ್ ಆಸಿಡ್ (ಸೀಸ ಮತ್ತು ಆಮ್ಲದ) ಬ್ಯಾಟರಿಗೆ ಅರೆಹೊಟ್ಟೆ ಒಗ್ಗೋದೇ ಇಲ್ಲ. ಪೂರ್ತಿ ಚಾರ್ಜ್ ಆಗದೆ ವಾರಗಟ್ಟಲೆ ಇದ್ದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಟ್ಯೂಬ್ಯುಲರ್ (ಕೊಳವೆಯಾಕಾರದ ಪ್ಲೇಟಿನ ಲೆಡ್ ಆಸಿಡ್) ಬ್ಯಾಟರಿಗೆ ಅದರ ಎ.ಎಚ್.ನ ಹತ್ತನೇ ಒಂದು ಭಾಗದಷ್ಟಾದರೂ ಚಾರ್ಜಿಂಗ್ ಆಂಪ್ ಇರಬೇಕು ಅನ್ನುವುದು ಈ ಕೆಲಸ ಬಲ್ಲವರೆಲ್ಲ ಹೇಳುವ ಲೆಕ್ಕ. 200ಕ್ಕೆ 20. ನಮ್ಮದು 10. ಕೊಳ್ಳುವಾಗ ಎಷ್ಟು ಗಂಟೆ ಬರುತ್ತೆ ಅಂತ ನೂರು ಸಲ ಕೇಳಿದ್ದೆ, ಎಷ್ಟು ಗಂಟೆಯಲ್ಲಿ ತುಂಬುತ್ತೆ ಅಂತ ಒಂದು ಸಲವೂ ಕೇಳಿರಲಿಲ್ಲ. ಅಂಗಡಿಯವನೂ ಹೇಳಲಿಲ್ಲ, ಅವನಿಗೇನು!

ಸಂಪಾದನೆ ಜಾಸ್ತಿ ಮಾಡೋಕೆ ಆಗದಿದ್ದರೆ ಖರ್ಚು ಕಡಿಮೆ ಮಾಡಬೇಕು. ಎರಡೂ ಫ್ಯಾನ್ ತೆಗೆದು ಕಡಿಮೆ ಕರೆಂಟ್ ತಿನ್ನುವ ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆ. ಅವು ಜೋರಾಗಿ ತಿರುಗಿದರೂ 30 ವ್ಯಾಟಿನ ಆಸುಪಾಸು. ಟಿವಿಯನ್ನು ಆ ಲೈನಿನಿಂದ ಕಿತ್ತೆ, ಮನೆಯಲ್ಲಿ ಎರಡು ದಿನ ಗಲಾಟೆ ಆಯ್ತು. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಬೇರೆ ಇಟ್ಟೆ. ನಮ್ಮ ರೂಟರ್ ಓಡುವುದೇ 12 ವೋಲ್ಟ್ ಡಿಸಿಯಲ್ಲಿ, ಅಂದರೆ ಬ್ಯಾಟರಿ ಕೊಡುವಂಥ ಒಂದೇ ದಿಕ್ಕಿನ ಕರೆಂಟಿನಲ್ಲಿ. ಬ್ಯಾಟರಿಯ ಡಿಸಿಯನ್ನು ಎಸಿ (ಮನೆಯ ಲೈನಿನಲ್ಲಿ ಬರುವಂಥ ಕರೆಂಟ್) ಮಾಡಿ, ಅಡಾಪ್ಟರಿನಲ್ಲಿ ಮತ್ತೆ ಡಿಸಿ ಮಾಡುವುದು ಮೂಗನ್ನು ಸುತ್ತಿ ಹಿಡಿದ ಹಾಗೆ. ಈಗ ಒಟ್ಟು ಲೋಡ್ 100 ವ್ಯಾಟಿನ ಒಳಗೇ. ಫ್ರಿಜ್ಜನ್ನಂತೂ ಮೊದಲಿನಿಂದಲೂ ಇನ್ವರ್ಟರಿಗೆ ಕೊಟ್ಟಿಲ್ಲ, ಕಂಪ್ರೆಸರ್ ಶುರುವಾಗುವಾಗ ಎಳೆಯುವುದು ಮಾಮೂಲಿಗಿಂತ ಎಷ್ಟೋ ಪಟ್ಟು. ಬಾಗಿಲು ಪದೇ ಪದೇ ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗೇ ಇರುತ್ತದೆ.

ಇನ್ನೊಂದು, ನೀರು. ತಿಂಗಳಿಗೊಮ್ಮೆ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರಿನಲ್ಲಿರುವ ಲವಣ ಪ್ಲೇಟನ್ನು ಹಾಳು ಮಾಡುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಬ್ಯಾಟರಿಯನ್ನು ಗಾಳಿ ಆಡದ ಕಪಾಟಿನಲ್ಲಿ ಮುಚ್ಚಿಡಬೇಡಿ. ಹತ್ತಿರದಲ್ಲಿ ದೇವರ ದೀಪವೂ ಬೇಡ.

ಫ್ಯಾನ್ ಬದಲಾದ ಮೇಲೆ ಆ ಗೊಂಯ್ ಸದ್ದೂ ಹೋಯಿತು. ಈಗ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಗೊತ್ತೇ ಆಗಲ್ಲ. ರಾತ್ರಿ ನೀರು ಕುಡಿಯೋಕೆ ಎದ್ದು ಫ್ರಿಜ್ ಬಾಗಿಲು ತೆಗೆದಾಗ ಒಳಗೆ ಲೈಟ್ ಹತ್ತದಿದ್ದರೆ, ಓ ಹೋಗಿದೆ ಅಂತ ಬೇಗ ಮುಚ್ಚುತ್ತೇನೆ.