ಫೌಂಡೇಶನ್ ಮತ್ತು ಸ್ಪಂಜು: ಕಲಬುರಗಿ ಬೇಸಿಗೆಯ ಪ್ರಯೋಗ ಟಿಪ್ಪಣಿ

ವಾರ 1

ಸಾಮಾನು: ಲೇಟೆಕ್ಸ್ ಇಲ್ಲದ ಹನಿಯಾಕಾರದ ಸ್ಪಂಜು ಎರಡು, ಲಿಕ್ವಿಡ್ ಫೌಂಡೇಶನ್ (ಮುಖಕ್ಕೆ ಹಚ್ಚುವ, ಚರ್ಮದ ಬಣ್ಣದ ಮೇಕಪ್), ಒಂದು ಸ್ಟೀಲ್ ತಟ್ಟೆ, ಹಳೆ ಹತ್ತಿ ಟವೆಲ್, ನೀರಿನ ಸ್ಪ್ರೇ ಬಾಟಲಿ.

ಎಡಗೆನ್ನೆಗೆ ಒಣ ಸ್ಪಂಜು, ಬಲಗೆನ್ನೆಗೆ ಹಸಿ ಸ್ಪಂಜು, ಎರಡಕ್ಕೂ ಬಾಟಲಿಯ ಪಂಪ್ ಅರ್ಧರ್ಧ ಒತ್ತಿದಷ್ಟು ಫೌಂಡೇಶನ್. ಒಣ ಸ್ಪಂಜು ಪಾಲಿನ ಬಹುಭಾಗವನ್ನು ತಾನೇ ಕುಡಿಯಿತು. ಆಮೇಲೆ ಬ್ಲೇಡಿನಿಂದ ಸೀಳಿದಾಗ ಬಣ್ಣ ಒಳತನಕ ಇಳಿದಿತ್ತು. ಮುಖದ ಮೇಲೆ ಉಳಿದದ್ದೋ ದಪ್ಪ ತೇಪೆ. ಹಸಿ ಸ್ಪಂಜಿನ ರಂಧ್ರಗಳಲ್ಲಿ ಮೊದಲೇ ನೀರಿರುತ್ತದೆ, ಹಾಗಾಗಿ ಫೌಂಡೇಶನ್ ಮೇಲ್ಮೈಯಲ್ಲೇ ನಿಂತು ಚರ್ಮಕ್ಕೆ ತೆಳುವಾಗಿ ಹತ್ತಿತು.

ವಾರ 2

ಎಷ್ಟು ಹಸಿ ಇರಬೇಕು ಅನ್ನೋದೇ ದೊಡ್ಡ ತಕರಾರು. ನಲ್ಲಿಯ ಕೆಳಗೆ ಹಿಡಿದು, ಸ್ಪಂಜು ಪೂರ್ತಿ ಉಬ್ಬುವ ತನಕ ನಾಲ್ಕೈದು ಸಲ ಒತ್ತಿ ಬಿಡಬೇಕು. ಆಮೇಲೆ ಅಂಗೈಯಲ್ಲಿ ಹಿಂಡಬೇಕು. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಸ್ಪಂಜು ಹರಿದುಹೋಗುತ್ತದೆ. ಕೊನೆಗೆ ಟವೆಲ್‌ನಲ್ಲಿ ಸುತ್ತಿ ಇನ್ನೊಮ್ಮೆ ಒತ್ತಬೇಕು. ಕೈಯ ಹಿಂಭಾಗಕ್ಕೆ ತಾಗಿಸಿದರೆ ತಂಪು ಗೊತ್ತಾಗಬೇಕು, ನೀರಿನ ಪಸೆ ಉಳಿಯಬಾರದು. ಟವೆಲ್ ಬಿಟ್ಟ ದಿನ ಫೌಂಡೇಶನ್ ನೀರಾಗಿ ಮೂಗಿನ ಪಕ್ಕದ ಚರ್ಮದ ರಂಧ್ರಗಳಲ್ಲಿ ನಿಂತಿತು.

ಇಲ್ಲಿಯ ಏಪ್ರಿಲ್ ಒಣ ಗಾಳಿಯ ತೊಂದರೆ ಬೇರೆಯೇ. ಫ್ಯಾನ್ ಕೆಳಗೆ ಕೂತರೆ ಒಂದು ಕೆನ್ನೆ ಮುಗಿಯುವುದರೊಳಗೆ ಸ್ಪಂಜಿನ ಹೊರಮೈ ಆರಿಬಿಡುತ್ತದೆ, ತಟ್ಟುವ ಸ್ಪಂಜು ಚರ್ಮ ಎಳೆಯಲು ಶುರುಮಾಡುತ್ತದೆ. ಆಗ ಮತ್ತೆ ನೀರಲ್ಲಿ ಅದ್ದಬೇಡಿ. ಸ್ಪಂಜಿಗೆ ಒಂದು ಸ್ಪ್ರೇ ಹೊಡೆದು ಅಂಗೈಯಲ್ಲಿ ಒತ್ತಿದರೆ ಸಾಕು. ಕೂಲರ್ ಇರುವ ಕೋಣೆಯಲ್ಲಿ ಇದಕ್ಕೆ ಉಲ್ಟಾ: ಗಾಳಿಯಲ್ಲೇ ತೇವ, ಫೌಂಡೇಶನ್ ಕೂರಲು ತಡ. ಅಲ್ಲಿ ಪೌಡರ್ ಹಾಕುವ ಅವಸರ ಬೇಡ.

ವಾರ 3

ಕೈಯ ರೂಢಿ ಈಗ ಹದಕ್ಕೆ ಬಂದಿದೆ. ಒಂದು ಪಂಪ್ ತಟ್ಟೆಗೆ ಹಾಕಿ, ಸ್ಪಂಜಿನ ದುಂಡು ಭಾಗಕ್ಕೆ ಸ್ವಲ್ಪ ಅಂಟಿಸಿಕೊಂಡು, ಮೂಗಿನ ಪಕ್ಕದಿಂದ ಕಿವಿಯ ಕಡೆಗೆ ತಟ್ಟುತ್ತ ಹೋಗುವುದು. ಸವರಿದರೆ ಗೆರೆ ಬೀಳುತ್ತದೆ, ಕೆಳಗಿನ ಸನ್‌ಸ್ಕ್ರೀನೂ ಜೊತೆಗೆ ಎದ್ದುಬರುತ್ತದೆ. ಕಣ್ಣಡಿಗೆ, ಮೂಗಿನ ಸಂದಿಗೆ ಚೂಪು ತುದಿ. ದವಡೆಯಿಂದ ಕುತ್ತಿಗೆಗೆ ಇಳಿಯುವಾಗ ಹೊಸ ಫೌಂಡೇಶನ್ ಬೇಡ, ಸ್ಪಂಜಿನಲ್ಲಿ ಉಳಿದದ್ದೇ ಸಾಕು. ಕಲೆ ಇದ್ದಲ್ಲಿ ಮಾತ್ರ ಒಂದೆರಡು ನಿಮಿಷ ಬಿಟ್ಟು ಎರಡನೇ ಪದರ.

ಒಂದು ದಿನ ಗಲ್ಲದ ಮೇಲೆ ರಬ್ಬರಿನ ಪುಡಿಯಂತೆ ಉಂಡೆ ಉಂಡೆ ಎದ್ದವು. ಸನ್‌ಸ್ಕ್ರೀನ್ ಹಚ್ಚಿ ಎರಡೇ ನಿಮಿಷಕ್ಕೆ ಫೌಂಡೇಶನ್ ತಟ್ಟಿದ್ದು ಒಂದು ಕಾರಣ. ನೀರಿನ ಆಧಾರದ ಪ್ರೈಮರ್ (ಫೌಂಡೇಶನ್‌ಗೆ ಮೊದಲು ಹಚ್ಚುವ ಅಡಿಪದರ) ಮೇಲೆ ಸಿಲಿಕೋನ್ ಆಧಾರದ ಫೌಂಡೇಶನ್ ಬಂದದ್ದು ಇನ್ನೊಂದು. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಡೈಮೆಥಿಕೋನ್ ಮೊದಲ ಸಾಲಲ್ಲೇ ಇದ್ದರೆ ಅದು ಸಿಲಿಕೋನ್ ಜಾತಿ. ಈಗ ಎರಡೂ ಒಂದೇ ಜಾತಿಯವು, ನಡುವೆ ಹತ್ತು ನಿಮಿಷ ಬಿಡುವು. ಉಂಡೆ ಏಳುವುದು ನಿಂತಿದೆ.

ಬೆವರು ಬಂದರೆ ಮೊದಲು ಟಿಶ್ಯೂ ಒತ್ತಿ ತೆಗೆಯಿರಿ. ಬೆವರಿನ ಮೇಲೆ ಸ್ಪಂಜು ಆಡಿಸಿದರೆ ಅಲ್ಲೇ ಬಣ್ಣ ಒಡೆಯುತ್ತದೆ.

ಶೇಡ್ ಬಗ್ಗೆ: ಮಣಿಕಟ್ಟಿನಲ್ಲಿ ಅಲ್ಲ, ದವಡೆಯ ಅಂಚಿನಲ್ಲಿ, ಕಿಟಕಿ ಬೆಳಕಲ್ಲಿ ನೋಡಬೇಕು. ಕೆಲವು ಫೌಂಡೇಶನ್ ಸ್ವಲ್ಪ ಹೊತ್ತಿಗೆ ಕಪ್ಪಿಡುತ್ತವೆ, ಅದಕ್ಕೆ ಹತ್ತು ನಿಮಿಷ ಕಾಯಬೇಕು. ಮದುಮಗಳು ಬೆಳ್ಳಗೆ ಕಾಣಲೆಂದು ಎರಡು ಶೇಡ್ ಮೇಲೆ ಹೋಗುವ ಹಟ ನಮ್ಮ ಕಡೆ ಭಾಳ. ವಿಡಿಯೋ ಲೈಟ್ ಬಿದ್ದಾಗ ಮುಖ ಬೂದಿ ಬಳಿದಂತೆ, ಕುತ್ತಿಗೆ ಬೇರೆಯವರದ್ದಂತೆ. ಎಂಥ ಸ್ಪಂಜೂ ಇದನ್ನು ಸರಿಮಾಡದು.

ವಾರ 4

ತೊಳೆಯುವುದು. ಗಡಸು ಬೋರ್ ನೀರಿಗೆ ಸೋಪು ಸೇರಿದರೆ ನೊರೆ ಬರದೆ ಬಿಳಿ ಜಿಗಟು ಕೂರುತ್ತದೆ; ನಾಲ್ಕೈದು ತೊಳೆತಕ್ಕೆ ಸ್ಪಂಜು ಒರಟಾಯಿತು. ಸೋಪು ಬಿಟ್ಟು ಬೇಬಿ ಶಾಂಪೂ ಮೂರು ಹನಿ, ಕೊನೆಯ ತೊಳೆತ ಫಿಲ್ಟರ್ ನೀರಲ್ಲಿ. ಹಿಂಡಿದ ನೀರು ತಿಳಿಯಾಗುವ ತನಕ ಒತ್ತಬೇಕು. ಹಠದ ಕಲೆಗೆ ಮೊದಲು ಎರಡು ಹನಿ ಕೊಬ್ಬರಿ ಎಣ್ಣೆ, ಆಮೇಲೆ ಶಾಂಪೂ.

ಒಣಗಿಸುವುದು ನೆರಳಲ್ಲಿ, ಗಾಳಿಗೆ. ಬಿಸಿಲಿಗಿಟ್ಟ ಸ್ಪಂಜು ಹಳದಿಯಾಗಿ ಬಿರುಕು ಬಿಡುತ್ತದೆ. ಹಸಿಯಾಗಿಯೇ ಡಬ್ಬಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಒಳಗೆ ಕಪ್ಪು ಚುಕ್ಕೆ ಕಂಡರೆ ತೊಳೆಯುವ ಮಾತೇ ಇಲ್ಲ, ಕಸಕ್ಕೆ. ಒಬ್ಬರ ಸ್ಪಂಜು ಇನ್ನೊಬ್ಬರಿಗೆ ಇಲ್ಲ, ಅಕ್ಕತಂಗಿಯರಾದರೂ ಸರಿ.

ಉಳಿದಿದ್ದ ಸ್ಪಂಜಿಗೆ ಉಗುರು ತಾಗಿ ಸೀಳು ಬಿದ್ದಿದೆ. ಸೀಳಿನಲ್ಲಿ ಫೌಂಡೇಶನ್ ತುಂಬಿ ಮುಖದ ಮೇಲೆ ಅದೇ ಆಕಾರದ ಗೆರೆ ಮೂಡುತ್ತಿದೆ. ಹೊಸದು ಬಂದ ಮೇಲೆ ಪೌಡರ್ ಪ್ರಯೋಗ.