ಗುರುವಾರದಲ್ಲೇ ಉಳಿದ ಗ್ರಂಥಾಲಯ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ, ಹೆಂಚಿನ ಮಾಡಿನ ಎರಡು ಕೋಣೆಗಳಲ್ಲಿ ನಮ್ಮೂರಿನ ಕನ್ನಡ ಗ್ರಂಥಾಲಯವಿದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಅದರ ಬಾಗಿಲು ಮುಚ್ಚಿತು. ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಬಿದ್ದು ತಲಪಾಡಿ ದಾಟುವುದು ಸಾಧ್ಯವಿಲ್ಲವಾದ್ದರಿಂದ, ಮಂಗಳೂರಿನಲ್ಲಿ ಕೆಲಸಕ್ಕಿದ್ದ ನಾನೂ ಲ್ಯಾಪ್‌ಟಾಪಿನೊಂದಿಗೆ ಮನೆಯಲ್ಲೇ ಉಳಿದೆ. ಗ್ರಂಥಾಲಯದ ಕಾರ್ಯದರ್ಶಿ ನನಗೆ ಐದನೆಯ ತರಗತಿಯಲ್ಲಿ ಕನ್ನಡ ಕಲಿಸಿದವರು. ನಿವೃತ್ತರಾಗಿ ವರ್ಷಗಳಾದರೂ ಊರಿಗೆಲ್ಲ ಅವರು ಈಗಲೂ ಮಾಷ್ಟ್ರೇ. ಅವರೊಮ್ಮೆ ಫೋನಿನಲ್ಲಿ, “ಪುಸ್ತಕದ ಪಟ್ಟಿಯನ್ನಾದರೂ ಜನರು ಮೊಬೈಲಿನಲ್ಲಿ ನೋಡುವ ಹಾಗೆ ಮಾಡಲಿಕ್ಕೆ ಆಗ್ತದಾ? ಬೇಕಾದವರ ಮನೆಗೆ ಮುಟ್ಟಿಸುವುದನ್ನು ನಾನು ನೋಡಿಕೊಳ್ತೇನೆ” ಎಂದರು. ನಾನು ಆಗ್ತದೆ ಎಂದುಬಿಟ್ಟೆ.

ಕೆಲಸವೇನೂ ದೊಡ್ಡದಾಗಿರಲಿಲ್ಲ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ, ಅದನ್ನು ಸರ್ವರಿನಲ್ಲಿ ಓಡಿಸುವ ನೋಡ್ ಮತ್ತು ಪುಟಗಳನ್ನು ಕಟ್ಟಲು ನೆರವಾಗುವ ಎಕ್ಸ್‌ಪ್ರೆಸ್ ಬಳಸಿ ಒಂದು ಸಣ್ಣ ಆ್ಯಪ್. ಅದರ ಹಿಂದೆ ಪುಸ್ತಕಗಳ ವಿವರವಿರುವ ಡೇಟಾಬೇಸ್. ಮುಖಪುಟದ ಮೇಲ್ಗಡೆ ಆ ದಿನದ ವಾರ ಮತ್ತು ದಿನಾಂಕ, ಕೆಳಗೆ ಹುಡುಕುವ ಜಾಗ. ದಿನಾಂಕ ಇರಲೇಬೇಕೆಂಬುದು ಮಾಷ್ಟ್ರ ಆಗ್ರಹ. ಗ್ರಂಥಾಲಯದ ಕರಿಹಲಗೆಯ ಮೇಲೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೆ ವಾರ, ತಾರೀಕು ಬರೆಯುವುದು ಅವರ ಇಪ್ಪತ್ತು ವರ್ಷಗಳ ಅಭ್ಯಾಸ. ದಾಖಲೆ ಪುಸ್ತಕದಲ್ಲಿದ್ದ ಹೆಸರುಗಳನ್ನು ಅವರು ಒಂದೊಂದಾಗಿ ಓದಿ ವಾಟ್ಸಾಪಿನಲ್ಲಿ ಧ್ವನಿಯಾಗಿ ಕಳುಹಿಸುತ್ತಿದ್ದರು, ನಾನು ಕೂತು ಟೈಪ್ ಮಾಡುತ್ತಿದ್ದೆ. ಪಟ್ಟಿಯನ್ನು ಜೂನ್ 19ರಂದು ತೆರೆಯುವುದೆಂದು ನಿಶ್ಚಯವಾಯಿತು. ಕೇರಳದಲ್ಲಿ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡದ್ದು ಆ ದಿನ. ಅದನ್ನು ಇಲ್ಲಿ ವಾಚನಾ ದಿನವೆಂದು ಆಚರಿಸುತ್ತಾರೆ, ನಮ್ಮ ಗಡಿಯ ಕನ್ನಡ ಶಾಲೆಗಳಲ್ಲಿಯೂ.

ಜೂನ್ 17ರ ಸಂಜೆಯ ಹೊತ್ತಿಗೆ ಆ್ಯಪ್ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕೊಂಕೂ ಇಲ್ಲದೆ ಓಡುತ್ತಿತ್ತು. ಸಣ್ಣ ಆ್ಯಪ್‌ಗಳಿಗೆ ಆಗ ಉಚಿತವಾಗಿ ಜಾಗ ಕೊಡುತ್ತಿದ್ದ ಒಂದು ಕ್ಲೌಡ್ ಹೋಸ್ಟಿಂಗ್ ಸೇವೆಯಲ್ಲಿ ಖಾತೆ ತೆರೆದು, ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಿಂದ ಕೋಡನ್ನು ಅಲ್ಲಿಗೆ ಪುಶ್ ಮಾಡಿ (ಎಂದರೆ ಕಳುಹಿಸಿ), ಇನ್ನು ಎರಡು ನಿಮಿಷದಲ್ಲಿ ಮಾಷ್ಟ್ರಿಗೆ ಕೊಂಡಿ ಕಳುಹಿಸಬಹುದೆಂದು ಚಾ ಕುಡಿಯಲು ಎದ್ದೆ. ಮರಳಿ ಬಂದು ನೋಡಿದರೆ ಬಿಳಿಯ ಪುಟದ ಮೇಲೆ ಆ್ಯಪ್ಲಿಕೇಶನ್ ಎರರ್ ಎಂಬ ಎರಡೇ ಪದ.

ಇಂಥ ಪುಟದಲ್ಲಿ ಏನು ಕೆಟ್ಟಿದೆ ಎಂಬುದಿರುವುದಿಲ್ಲ, ಕೆಟ್ಟಿದೆ ಎಂಬುದಷ್ಟೇ ಇರುತ್ತದೆ. ಕಾರಣವಿರುವುದು ಸರ್ವರಿನ ಲಾಗ್‌ನಲ್ಲಿ, ಎಂದರೆ ಅದು ನಡೆದದ್ದನ್ನು ಬರೆದಿಡುವ ದಾಖಲೆಯಲ್ಲಿ. ಲಾಗ್ ತೆರೆದಾಗ ನಲವತ್ತು ಸಾಲುಗಳ ನಡುವೆ ಒಂದು ಸಾಲು ಸ್ಪಷ್ಟವಾಗಿತ್ತು: ಮಾಡೆಲ್ಸ್ ಫೋಲ್ಡರಿನ ಪುಸ್ತಕ ಎಂಬ ಮಾಡ್ಯೂಲ್, ಎಂದರೆ ಕೋಡಿನ ಒಂದು ಫೈಲು, ಸಿಗುತ್ತಿಲ್ಲ. ಆದರೆ ಆ ಫೈಲು ನನ್ನ ಕಣ್ಣೆದುರೇ ಇತ್ತು! ಸಿಗುತ್ತಿಲ್ಲ ಎಂದರೆ ಏನರ್ಥ? ಗಿಟ್‌ಗೆ ಸೇರಿಲ್ಲವೇ ಎಂದು ನೋಡಿದೆ, ಸೇರಿತ್ತು. ನೋಡ್‌ನ ಮಾಡ್ಯೂಲುಗಳ ಫೋಲ್ಡರನ್ನು ಪೂರ್ತಿ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ನಮ್ಮಲ್ಲಿ ಮಳೆಗಾಲದ ಇಂಟರ್‌ನೆಟ್ಟಿನಲ್ಲಿ ಆ ಒಂದು ಕೆಲಸಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ, ಮತ್ತು ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಗೊತ್ತಾಗದೆ ಇದ್ದಾಗ ಎಲ್ಲವನ್ನೂ ಅಳಿಸಿ ಮತ್ತೆ ಹಾಕುವುದು ನಮ್ಮ ಕಸುಬಿನವರ ಹರಕೆಯಂತೆ. ಸರಿಯಾಗುವುದಕ್ಕಿಂತ ಹೆಚ್ಚಾಗಿ ನಮ್ಮ ಸಮಾಧಾನಕ್ಕೆ. ನಡುವೆ ತೋಟದಲ್ಲಿ ಅಡಕೆ ಮರವೊಂದು ಲೈನಿನ ಮೇಲೆ ಬಿದ್ದು ಕರೆಂಟೂ ಹೋಯಿತು.

ರಾತ್ರಿ ಒಂಬತ್ತಕ್ಕೆ ಬೆಂಗಳೂರಿನಲ್ಲಿರುವ ಭಾವನಿಗೆ ಫೋನ್ ಮಾಡಿದೆ. ಅವನು ಇದೇ ಕೆಲಸದಲ್ಲಿ ನನಗಿಂತ ಹತ್ತು ವರ್ಷ ಹಿರಿಯ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಫೈಲಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದು” ಎಂದ. ಓದಿದೆ. “ಮೊದಲನೆಯ ಪಿ ದೊಡ್ಡದಾ, ಸಣ್ಣದಾ?” ಎಂದು ಕೇಳಿದ. ಫೈಲಿನ ಹೆಸರಲ್ಲಿ ದೊಡ್ಡದು. ಕೋಡಿನಲ್ಲಿ ಅದನ್ನು ಕರೆದ ಕಡೆ ಸಣ್ಣದು. ಭಾವ ನಗಲಿಲ್ಲ ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ದಾಖಲಿಸಬೇಕು.

ನನ್ನ ಲ್ಯಾಪ್‌ಟಾಪಿನಲ್ಲಿದ್ದುದು ವಿಂಡೋಸ್. ಅದು ಫೈಲಿನ ಹೆಸರಿನ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬರೆದಂತೆಯೇ ಉಳಿಸಿಕೊಳ್ಳುತ್ತದೆ, ಆದರೆ ಹುಡುಕುವಾಗ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಹೋಸ್ಟಿನ ಯಂತ್ರದಲ್ಲಿರುವುದು ಲಿನಕ್ಸ್. ಅದಕ್ಕೆ ದೊಡ್ಡ ಪಿ ಬೇರೆ, ಸಣ್ಣ ಪಿ ಬೇರೆ. ಇದನ್ನು ನಾನು ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ. ಆದರೆ ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರವೆಂಬ ಭೇದವೇ ಇಲ್ಲದಿರುವುದರಿಂದಲೋ ಏನೋ, ನನ್ನ ಕಣ್ಣು ಆ ಎರಡು ರೂಪಗಳನ್ನು ಒಂದೇ ಅಕ್ಷರದ ಎರಡು ಬಟ್ಟೆಗಳೆಂದು ನೋಡುತ್ತಿತ್ತು. ‘ಕಾರ’ ಬರೆಯಬೇಕಾದಲ್ಲಿ ‘ಖಾರ’ ಬರೆದರೆ ಐದನೆಯ ತರಗತಿಯಲ್ಲಿ ಮಾಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು. ಲಿನಕ್ಸಿಗೆ ಪಿ ಅಕ್ಷರದ ಎರಡು ರೂಪಗಳು ನಮ್ಮ ಅಲ್ಪಪ್ರಾಣ ಮಹಾಪ್ರಾಣಗಳ ಹಾಗೆ ಎಂದುಕೊಂಡ ಮೇಲೆ ನನಗೆ ಆ ತಪ್ಪು ಮತ್ತೆ ಆಗಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಫೈಲಿನ ಹೆಸರನ್ನು ಸಣ್ಣಕ್ಷರಕ್ಕೆ ಬದಲಾಯಿಸಿ ಕಮಿಟ್ ಮಾಡಲು, ಎಂದರೆ ಗಿಟ್‌ನಲ್ಲಿ ದಾಖಲಿಸಲು, ಹೋದರೆ, ಬದಲಾದದ್ದು ಏನೂ ಇಲ್ಲ ಎಂದು ಗಿಟ್ ಹೇಳಿತು. ವಿಂಡೋಸ್‌ನಲ್ಲಿ ಗಿಟ್ ಕೂಡ ಅದೇ ಉದಾರತೆಯನ್ನು ಪಾಲಿಸುತ್ತದೆ. ಕೊನೆಗೆ ಭಾವ ಹೇಳಿದಂತೆ ಫೈಲಿಗೆ ಮೊದಲು ಬೇರೆಯೇ ಒಂದು ಹೆಸರು ಕೊಟ್ಟು ಕಮಿಟ್ ಮಾಡಿ, ಆಮೇಲೆ ಬೇಕಾದ ಹೆಸರಿಗೆ ತಂದು ಇನ್ನೊಮ್ಮೆ ಕಮಿಟ್ ಮಾಡಬೇಕಾಯಿತು.

ಮರುದಿನ ಬೆಳಿಗ್ಗೆ ಲಾಗ್‌ನಲ್ಲಿ ಹೊಸ ದೂರು ಬಂತು: ಡೇಟಾಬೇಸಿನ ವಿಳಾಸ ಇರಬೇಕಾದಲ್ಲಿ ಅನ್‌ಡಿಫೈನ್ಡ್ (ಏನೂ ಇಲ್ಲ) ಎಂದಿದೆ. ಇದು ಬೇಗ ತಿಳಿಯಿತು. ಡೇಟಾಬೇಸಿನ ವಿಳಾಸವೂ ಗುಪ್ತಪದವೂ ಇರುವ ಎನ್ವ್ ಫೈಲನ್ನು ಗಿಟ್‌ಗೆ ಸೇರಿಸಬಾರದೆಂಬ ನಿಯಮವನ್ನು ನಾನು ಪಾಲಿಸಿದ್ದೆ. ಸೇರಿಸದ ಮೇಲೆ ಅದು ಹೋಸ್ಟಿಗೆ ತಾನಾಗಿ ಹೋಗುವುದಿಲ್ಲ, ಅಲ್ಲಿನ ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ತುಂಬಬೇಕೆಂಬ ಉಳಿದರ್ಧವನ್ನು ಮರೆತಿದ್ದೆ. ತುಂಬಿದೆ. ಡೇಟಾಬೇಸಿನವರ ಕಡೆಯೂ ಒಂದು ತಡೆಯಿತ್ತು: ಯಾವ ಐಪಿ ವಿಳಾಸಗಳಿಂದ ಸಂಪರ್ಕ ಬರಬಹುದೆಂಬ ಪಟ್ಟಿಯಲ್ಲಿ ನಮ್ಮ ಮನೆಯದು ಮಾತ್ರ ಇತ್ತು. ಅದನ್ನೂ ಸರಿಪಡಿಸಿದೆ.

ಆದರೆ ಮಧ್ಯಾಹ್ನದಿಂದ ಸಂಜೆಯ ತನಕ ನನ್ನನ್ನು ಕಾಡಿದ್ದು ಇವು ಯಾವುದೂ ಅಲ್ಲ. ಲಾಗ್‌ನಲ್ಲಿ ಈಗ ಒಂದೇ ಒಂದು ತಪ್ಪೂ ಇರಲಿಲ್ಲ. ನನ್ನ ಆ್ಯಪ್ ತಾನು 3000ನೆಯ ಪೋರ್ಟಿನಲ್ಲಿ (ಹೊರಗಿನ ಕರೆಗಳು ಬರುವ ಸಂಖ್ಯೆಯ ಬಾಗಿಲಿನಲ್ಲಿ) ಆಲಿಸುತ್ತಿದ್ದೇನೆ, ಡೇಟಾಬೇಸ್ ಸಿಕ್ಕಿದೆ ಎಂದು ಸಂತೋಷದಿಂದ ಬರೆಯುತ್ತಿತ್ತು. ಸರಿಯಾಗಿ 60 ಸೆಕೆಂಡುಗಳಾದ ಮೇಲೆ ಹೋಸ್ಟ್ ಅದನ್ನು ಕೊಲ್ಲುತ್ತಿತ್ತು, ಮತ್ತೆ ಎಬ್ಬಿಸುತ್ತಿತ್ತು, ಮತ್ತೆ ಕೊಲ್ಲುತ್ತಿತ್ತು. ಬದುಕಿರುವುದನ್ನು ಯಾಕೆ ಕೊಲ್ಲಬೇಕು? ಡೇಟಾಬೇಸ್ ನಿಧಾನವೆಂದುಕೊಂಡೆ, ಉಚಿತ ಖಾತೆಯ ಮೆಮೊರಿ ಸಾಲದೆಂದುಕೊಂಡೆ, ಪುಸ್ತಕಗಳ ಪಟ್ಟಿಯನ್ನು ಹತ್ತಕ್ಕೆ ಇಳಿಸಿಯೂ ನೋಡಿದೆ. ಆ 60 ಎಂಬ ಸಂಖ್ಯೆ ಒಂದು ಸಲವೂ ತಪ್ಪದೆ ಬರುತ್ತಿರುವುದನ್ನು ಗಮನಿಸಿದ ಮೇಲೆಯೇ, ಇದು ಆಕಸ್ಮಿಕವಲ್ಲ, ಯಾರೋ ಗಡಿಯಾರ ಹಿಡಿದು ಕಾಯುತ್ತಿದ್ದಾರೆ ಎಂಬುದು ಹೊಳೆದದ್ದು.

ಕಾಯುತ್ತಿದ್ದುದು ಹೋಸ್ಟೇ. ಇಂಥ ಸೇವೆಗಳಲ್ಲಿ ಪ್ರತಿಯೊಂದು ಆ್ಯಪ್‌ಗೂ ಪ್ರಾರಂಭವಾಗುವಾಗ ಒಂದು ಪೋರ್ಟ್ ಸಂಖ್ಯೆಯನ್ನು ಹೋಸ್ಟ್ ತಾನೇ ಕೊಡುತ್ತದೆ. ಅದು ಪೋರ್ಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ಎಂದರೆ ಹೊರಗಿನಿಂದ ಆ್ಯಪ್‌ಗೆ ಕೊಡುವ ಹೆಸರಿಟ್ಟ ಮೌಲ್ಯವಾಗಿ, ಬರುತ್ತದೆ ಮತ್ತು ಪ್ರತಿ ಸಲ ಬೇರೆಯಾಗಿರಬಹುದು. ಆ ಸಂಖ್ಯೆಯಲ್ಲಿ ನಿಗದಿತ ಹೊತ್ತಿನೊಳಗೆ ಯಾರೂ ಓಗೊಡದಿದ್ದರೆ ಆ್ಯಪ್ ಎದ್ದೇ ಇಲ್ಲವೆಂದು ಅದು ತೀರ್ಮಾನಿಸುತ್ತದೆ. ನೆಂಟರು ಅಂಗಳದಲ್ಲಿ ನಿಂತು ಕರೆಯುತ್ತಿದ್ದರೆ ಮನೆಯವನು ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಅಲ್ಲಿ ಕಾಯುತ್ತ ಕೂತ ಹಾಗಾಗಿತ್ತು ನನ್ನ ಆ್ಯಪ್‌ನ ಸ್ಥಿತಿ. ಸಾಲದ್ದಕ್ಕೆ ನಾನು ಅದನ್ನು ಲೋಕಲ್‌ಹೋಸ್ಟ್‌ಗೆ, ಎಂದರೆ 127.0.0.1 ಎಂಬ ವಿಳಾಸಕ್ಕೆ ಕಟ್ಟಿಹಾಕಿದ್ದೆ. ಆ ವಿಳಾಸಕ್ಕೆ ಅದೇ ಯಂತ್ರದೊಳಗಿನ ಕರೆ ಮಾತ್ರ ಕೇಳಿಸುತ್ತದೆ, ಹೊರಗಿನದು ಕೇಳಿಸುವುದಿಲ್ಲ. ಹೋಸ್ಟ್ ಕೊಟ್ಟ ಪೋರ್ಟ್ ಇದ್ದರೆ ಅದನ್ನು, ಇಲ್ಲದಿದ್ದರೆ 3000ವನ್ನು ತೆಗೆದುಕೊಳ್ಳುವಂತೆ ಒಂದು ಸಾಲು ಬದಲಾಯಿಸಿ, ಹೊರಗಿನ ಕರೆಯೂ ಕೇಳಿಸುವಂತೆ ವಿಳಾಸವನ್ನು 0.0.0.0 ಮಾಡಿದೆ. ಅರ್ಧ ದಿನ ನುಂಗಿದ ತೊಂದರೆಗೆ ಮದ್ದು ಮೂವತ್ತು ಅಕ್ಷರಗಳೂ ಇರಲಿಲ್ಲ.

ರಾತ್ರಿ ಹನ್ನೊಂದೂವರೆಗೆ ಪುಟ ತೆರೆದುಕೊಂಡಿತು. ಮಂಜೇಶ್ವರದ ಗೋವಿಂದ ಪೈಯವರ ಹೆಸರು ಹಾಕಿ ಹುಡುಕಿದೆ, ಬಂತು. ಇಲ್ಲೇ ಪೆರಡಾಲದಲ್ಲಿ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಹಾಕಿದೆ, ಬಂತು. ಆ ‘ಞ್ಞ’ ಸರಿಯಾಗಿ ಮೂಡಿದ್ದನ್ನು ನೋಡಿ ಖುಷಿಯಾಯಿತು. ಮಾಷ್ಟ್ರಿಗೆ ಕೊಂಡಿ ಕಳುಹಿಸಿ ಮಲಗಿದೆ.

ಬೆಳಗ್ಗಿನ ನಾಲ್ಕೂ ಮುಕ್ಕಾಲಕ್ಕೆ ಫೋನ್ ಬಡಿದುಕೊಂಡಿತು. ಹೊರಗೆ ಜಡಿಮಳೆ. “ಏಳಿಸಿದೆನಾ? ಇರಲಿ. ಎಲ್ಲ ಚಂದ ಆಗಿದೆ ಮಾರಾಯ,” ಎಂದರು ಮಾಷ್ಟ್ರು, “ಆದರೆ ನಿನ್ನ ಗ್ರಂಥಾಲಯ ಇನ್ನೂ ಗುರುವಾರದಲ್ಲೇ ಉಂಟು. ಅದೂ ಇಂಗ್ಲಿಷಿನ ಗುರುವಾರ.”

ಫೋನಿನಲ್ಲಿ ಪುಟ ತೆರೆದು ನೋಡಿದೆ. ಶುಕ್ರವಾರ, ಜೂನ್ 19 ಎಂದಿರಬೇಕಾದಲ್ಲಿ ಥರ್ಸ್‌ಡೇ, ಜೂನ್ 18 ಎಂದು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ರಾತ್ರಿ ನಾನು ಆ ಜಾಗವನ್ನು ನೋಡಿಯೇ ಇರಲಿಲ್ಲ. ನೋಡಿದ್ದರೂ, ಆಗ ನಿಜಕ್ಕೂ ಗುರುವಾರವೇ ಆಗಿದ್ದರಿಂದ ವಾರದ ತಪ್ಪು ಕಾಣುತ್ತಿರಲಿಲ್ಲ. ಆದರೆ ಕನ್ನಡ ಹೋದದ್ದು ಕಾಣಬೇಕಿತ್ತು.

ವಾರ ಹಿಂದುಳಿದ ಕಾರಣ ಸುಲಭವಾಗಿ ಸಿಕ್ಕಿತು. ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ನಡೆಯುತ್ತದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಧ್ಯರಾತ್ರಿಯಿಂದ ಬೆಳಗ್ಗಿನ ಐದೂವರೆಯ ತನಕ ನಮ್ಮಲ್ಲಿ ಹೊಸ ದಿನ ಶುರುವಾಗಿದ್ದರೂ ಅದಕ್ಕೆ ಇನ್ನೂ ನಿನ್ನೆಯೇ. ಮಾಷ್ಟ್ರಂತೆ ನಾಲ್ಕೂವರೆಗೆ ಏಳುವವರು ಇಲ್ಲದೆ ಹೋಗಿದ್ದರೆ ಈ ತಪ್ಪು ತಿಂಗಳುಗಟ್ಟಲೆ ಯಾರಿಗೂ ತಿಳಿಯುತ್ತಿರಲಿಲ್ಲ. ದಿನಾಂಕವನ್ನು ರೂಪಿಸುವ ಸಾಲಿಗೆ ಏಷ್ಯಾ ಕೋಲ್ಕತಾ ಎಂಬ ಕಾಲವಲಯವನ್ನು ಸೇರಿಸಿದೆ.

ಇಂಗ್ಲಿಷಿನ ಕಾರಣ ಅಷ್ಟು ಸುಲಭವಾಗಿರಲಿಲ್ಲ. ಭಾಷೆ ಕನ್ನಡ ಎಂದು ಕೋಡಿನಲ್ಲಿ ಸ್ಪಷ್ಟವಾಗಿ ಬರೆದಿದ್ದೆ, ಮನೆಯಲ್ಲಿ ಅದು ಕನ್ನಡದಲ್ಲೇ ಬರುತ್ತಿತ್ತು, ಲಾಗ್‌ನಲ್ಲಿ ಎಲ್ಲೂ ಒಂದು ದೂರಿಲ್ಲ. ಪುಟವನ್ನು ನಾನು ಸರ್ವರಿನಲ್ಲೇ ಸಿದ್ಧಪಡಿಸಿ ಕಳುಹಿಸುತ್ತಿದ್ದುದರಿಂದ ಓದುಗರ ಮೊಬೈಲಿನ ಭಾಷೆಗೂ ಇದಕ್ಕೂ ಸಂಬಂಧವಿರಲಿಲ್ಲ. ಕೊನೆಗೆ ಎರಡೂ ಕಡೆಯ ನೋಡ್ ಯಾವ ಆವೃತ್ತಿಯದ್ದೆಂದು ನೋಡಿದೆ. ನನ್ನಲ್ಲಿದ್ದುದು ಆ ಏಪ್ರಿಲಿನಲ್ಲಷ್ಟೇ ಬಂದಿದ್ದ 14. ಯಾವುದು ಬೇಕೆಂದು ನಾನು ಹೇಳದೆ ಇದ್ದುದರಿಂದ ಹೋಸ್ಟ್ ತಾನಾಗಿ ಆಯ್ದುಕೊಂಡಿದ್ದು 12. ತಿಂಗಳು, ವಾರಗಳ ಹೆಸರುಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಒದಗಿಸುವ ಐಸಿಯು ಎಂಬ ದತ್ತಾಂಶವನ್ನು ನೋಡ್ ತನ್ನೊಳಗೇ ಹೊತ್ತುಕೊಂಡು ಬರುತ್ತದೆ. ಆದರೆ 2019ರ ಅಕ್ಟೋಬರಿನಲ್ಲಿ 13ನೆಯ ಆವೃತ್ತಿ ಬರುವ ತನಕ, ಗಾತ್ರ ಉಳಿಸಲೆಂದು, ಸಾಮಾನ್ಯ ಕಟ್ಟಿನಲ್ಲಿ ಇಂಗ್ಲಿಷಿನ ಭಾಗವನ್ನು ಮಾತ್ರ ಇಟ್ಟಿರುತ್ತಿದ್ದರು. ಅಂಥ ನೋಡ್‌ನ ಹತ್ತಿರ ಕನ್ನಡದ ದಿನಾಂಕ ಕೇಳಿದರೆ ಇಲ್ಲ ಎನ್ನುವುದಿಲ್ಲ, ತಪ್ಪೆಂದೂ ಹೇಳುವುದಿಲ್ಲ, ಮರುಮಾತಿಲ್ಲದೆ ಇಂಗ್ಲಿಷಿನದನ್ನು ಕೈಗಿಡುತ್ತದೆ.

ಅರ್ಜಿ ಫಾರಂ ಕನ್ನಡದಲ್ಲಿ ಬೇಕೆಂದು ಕೇಳಿ, ಬೇರೆ ಭಾಷೆಯದ್ದನ್ನು ತೆಗೆದುಕೊಂಡು ಮರಳಿದ ಅನುಭವ ಕಾಸರಗೋಡಿನ ಕನ್ನಡಿಗರಿಗೆ ಹೊಸದಲ್ಲ. ಎರಡು ದಿನ ಕಿರುಚಿದ ತಪ್ಪುಗಳ ಮೇಲೆ ನನಗೆ ಬಾರದ ಸಿಟ್ಟು ಸದ್ದೇ ಮಾಡದ ಈ ಒಂದರ ಮೇಲೆ ಬಂತು. ಆ್ಯಪ್‌ಗೆ ಏನೇನು ಬೇಕೆಂದು ಹೇಳುವ ಪ್ಯಾಕೇಜ್ ಫೈಲಿನಲ್ಲಿ ಎಂಜಿನ್ಸ್ ಎಂಬಲ್ಲಿ ನೋಡ್ 14 ಬೇಕೆಂದು ಬರೆದು, ಫೋನಿನ ಹಾಟ್‌ಸ್ಪಾಟಿಗೆ ಸಿಗ್ನಲ್ ಸಿಗುವ ಮಹಡಿಯ ಕಿಟಕಿಯ ಬಳಿ ಕೂತು ಮತ್ತೊಮ್ಮೆ ಪುಶ್ ಮಾಡಿದೆ. ಆರೂಕಾಲಕ್ಕೆ ಪುಟದ ನೆತ್ತಿಯ ಮೇಲೆ ಶುಕ್ರವಾರ ಕನ್ನಡದಲ್ಲಿ ಬಂದು ಕೂತಿತು. ಆ ದಿನ ಪುಸ್ತಕ ಬೇಕೆಂದು ಹನ್ನೊಂದು ಮಂದಿ ಫೋನ್ ಮಾಡಿದರೆಂದು ಮಾಷ್ಟ್ರು ಆಮೇಲೆ ಹೇಳಿದರು.

ಉಚಿತ ಖಾತೆಯ ಒಂದು ಗುಣವನ್ನು ಮಾತ್ರ ನನ್ನಿಂದ ಸರಿಪಡಿಸಲಾಗಲಿಲ್ಲ. ಅರ್ಧ ಗಂಟೆ ಯಾರೂ ಬಾರದಿದ್ದರೆ ಆ್ಯಪ್ ನಿದ್ದೆ ಹೋಗುತ್ತಿತ್ತು, ಆಮೇಲೆ ಮೊದಲು ಬಂದವರು ಅದು ಏಳುವ ತನಕ ಸ್ವಲ್ಪ ಹೊತ್ತು ಕಾಯಬೇಕಾಗುತ್ತಿತ್ತು. ಇದನ್ನು ಸಂಕೋಚದಿಂದಲೇ ಮಾಷ್ಟ್ರಿಗೆ ವಿವರಿಸಿದೆ.

“ಯಾರೂ ಬಾರದಿದ್ದರೆ ನಾನೂ ಅಲ್ಲಿ ಮೇಜಿಗೆ ತಲೆ ಇಟ್ಟು ಮಲಗುತ್ತಿದ್ದೆನಲ್ಲ,” ಎಂದರು. “ಬೆಳಿಗ್ಗೆ ನಾನು ಎಬ್ಬಿಸ್ತೇನೆ ಬಿಡು.”