ಸ್ಟ್ರಿಪ್‌ನ ಹಿಂಬದಿ ಓದದೆ ಕೊಟ್ಟ ಮಾತ್ರೆ

ಔಷಧಿ ಕೌಂಟರ್‌ನಲ್ಲಿ ನಿಂತು ಒಂಬತ್ತು ವರ್ಷವಾಯಿತು. ಚೀಟಿ ನೋಡು, ಡ್ರಾಯರ್ ಎಳೆ, ಸ್ಟ್ರಿಪ್ ಕೊಡು, "ರಾತ್ರಿ ಒಂದು" ಅನ್ನು, ಮುಂದಿನವರನ್ನು ಕರೆ. ಮೊದಲೆರಡು ವರ್ಷ ಕೆಲಸ ಅಂದರೆ ಇಷ್ಟೇ ಅಂದುಕೊಂಡಿದ್ದೆ. ಆ ಚಾಳಿ ಬಿಡಿಸಿದ್ದು ಒಬ್ಬ ಅಜ್ಜಿಯ ಮಾತ್ರೆ ಡಬ್ಬಿ.

ಅಜ್ಜಿಗೆ ಎಪ್ಪತ್ತು ದಾಟಿತ್ತು. ಪ್ಯಾನಿಕ್ ಅಟ್ಯಾಕ್‌ಗೆ ಮನೋವೈದ್ಯರು ಬರೆದ ಮಾತ್ರೆ ಏಳೆಂಟು ತಿಂಗಳಿಂದ ನಡೆಯುತ್ತಿತ್ತು. ಪ್ರತಿ ಸಲ ಮಗ ಬಂದು ಒಯ್ಯುತ್ತಿದ್ದರು. ಒಂದು ದಿನ ಬಂದವರೇ, "ಅಮ್ಮ ರಾತ್ರಿ ಎದ್ದು ಹೋಗುವಾಗ ಬಿದ್ದುಬಿಟ್ಟರು. ಮೂಳೆ ಮುರಿದಿಲ್ಲ, ಪುಣ್ಯ. ಆದರೆ ಬೆಳಗ್ಗೆ ಹತ್ತಾದರೂ ಕಣ್ಣು ಬಿಡಲ್ಲ, ಮಾತು ತೊದಲುತ್ತೆ. ವಯಸ್ಸಾಯ್ತಲ್ಲ" ಅನ್ನುತ್ತಾ ಡಬ್ಬಿಯನ್ನು ಕೌಂಟರ್ ಮೇಲೆ ಸುರಿದರು.

ಎರಡು ಸ್ಟ್ರಿಪ್. ಬಣ್ಣ ಬೇರೆ, ಕಂಪನಿ ಬೇರೆ, ಹೆಸರೂ ಬೇರೆ. ಒಂದನ್ನು ತಿರುಗಿಸಿದೆ: ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ, ಕ್ಲೋನಜೆಪಾಮ್ 0.5 ಮಿ.ಗ್ರಾಂ, ಎರಡೂ ಸೇರಿದ ಮಾತ್ರೆ. ಇನ್ನೊಂದರಲ್ಲಿ ಹೆಸರಿದ್ದ ತುದಿಯನ್ನೇ ಮೊದಲು ಕತ್ತರಿಸಿ ಬಳಸಿದ್ದರು. ಉಳಿದ ಫಾಯಿಲ್ ಮೇಲೆ ಕಂಡದ್ದು "ಜೆಪಾಮ್ 0.5" ಅಷ್ಟೇ. ಅದೂ ಕ್ಲೋನಜೆಪಾಮೇ, ಗಾಬರಿ ತಗ್ಗಿಸಿ ನಿದ್ದೆ ತರಿಸುವ ಔಷಧಿ. ಕಾಲುನೋವಿಗೆಂದು ಹೋಗಿದ್ದ ಇನ್ನೊಬ್ಬ ಡಾಕ್ಟರ ಹತ್ತಿರ ಅಜ್ಜಿ "ನಿದ್ದೆ ಬರಲ್ಲ" ಅಂದಿದ್ದರು, ಅವರು ಬರೆದಿದ್ದರು. ಮನಸ್ಸಿನ ಕಾಯಿಲೆಯ ಮಾತ್ರೆ ನಡೆಯುತ್ತಿದೆ ಅಂತ ಅಲ್ಲಿ ಬಾಯಿ ಬಿಟ್ಟಿರಲಿಲ್ಲ. ಬಿಡುವವರು ಕಡಿಮೆ. ಸಾಲದ್ದಕ್ಕೆ ಆ ವಾರ ನೆಗಡಿಗೆ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ ಬೇರೆ, ಅದೂ ತೂಕಡಿಕೆ ತರಿಸುವಂಥದ್ದೇ.

ಎರಡು ಚೀಟಿಗೂ ಔಷಧಿ ಹೋದದ್ದು ನಮ್ಮ ಕೌಂಟರ್‌ನಿಂದ. ಎರಡನೆಯ ಬಿಲ್ ಮೇಲಿದ್ದದ್ದು ನನ್ನ ಸಹಿ.

ಕ್ಲೋನಜೆಪಾಮ್ ಬೇಗ ಇಳಿಯುವ ಔಷಧಿಯಲ್ಲ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 30ರಿಂದ 40 ಗಂಟೆ ಬೇಕು. ಅದೇ ಜಾತಿಯ ಆಲ್‌ಪ್ರಜೋಲಾಮ್‌ಗೆ ಸುಮಾರು 11 ಗಂಟೆ ಸಾಕು. ಅಂದರೆ ನಿನ್ನೆಯದು ಮುಗಿಯುವ ಮೊದಲೇ ಇವತ್ತಿನದು ಮೇಲೆ ಬಂದು ಕೂರುತ್ತದೆ. ವಯಸ್ಸಾದವರಲ್ಲಿ ಇದು ತೂಕಡಿಕೆ, ಮರೆವು, ಬೀಳುವುದು ಅಂತ ಕಾಣಿಸಿಕೊಳ್ಳುತ್ತದೆ. ಮನೆಯವರು ವಯಸ್ಸಿನ ತಲೆಗೆ ಕಟ್ಟುತ್ತಾರೆ.

ನನಗೆ ನಾಚಿಕೆಯೂ ಆಯಿತು, ಗಾಬರಿಯೂ ಆಯಿತು. ಆ ಗಾಬರಿಯಲ್ಲೇ ಎರಡನೆಯ ತಪ್ಪು ಮಾಡಹೊರಟೆ. "ಸರ್, ಇವತ್ತಿಂದಲೇ ಎರಡನ್ನೂ ನಿಲ್ಲಿಸಿಬಿಡಿ" ಅಂದೆ. ಹಿಂದೆ ನಿಂತಿದ್ದ ನಮ್ಮ ಹಿರಿಯ ಫಾರ್ಮಸಿಸ್ಟ್ ಮೇಡಂ ನನ್ನ ತೋಳು ಹಿಡಿದು ಒಳಗೆ ಎಳೆದರು. "ಕೊಟ್ಟಿದ್ದು ತಪ್ಪಾಯ್ತು, ಸರಿ. ಕಿತ್ತುಕೊಂಡರೆ ಏನಾಗುತ್ತೆ ಗೊತ್ತಾ?" ಅಂದರು. ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ಹೊತ್ತಿಗೆ ತಲೆಗೆ ಬರಲಿಲ್ಲ. ತಿಂಗಳುಗಟ್ಟಲೆ ದಿನವೂ ನುಂಗಿದ ಬೆಂಜೋಡಯಜೆಪಿನ್ (ಕ್ಲೋನಜೆಪಾಮ್, ಆಲ್‌ಪ್ರಜೋಲಾಮ್ ಇರುವ ಗುಂಪಿನ ಹೆಸರು) ಒಮ್ಮೆಲೇ ನಿಂತರೆ ನಡುಕ, ಬೆವರು, ನಿದ್ದೆಗೇಡು, ಮೊದಲಿಗಿಂತ ಜೋರಾದ ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಜೊತೆಗೆ ಆ ಸೇರಿದ ಮಾತ್ರೆ ನಿಲ್ಲಿಸಿದರೆ ಪ್ಯಾನಿಕ್ ತಡೆಯುತ್ತಿದ್ದ ಎಸ್ಸಿಟಾಲೋಪ್ರಾಮ್ ಕೂಡ ನಿಂತುಹೋಗುತ್ತದೆ.

ಮೇಡಂ ಅಲ್ಲಿಂದಲೇ ಮನೋವೈದ್ಯರಿಗೆ ಫೋನ್ ಮಾಡಿದರು. ಅವರು ಅಜ್ಜಿಯನ್ನು ಅಂದೇ ಕರೆಸಿ ನೋಡಿ, ಎಸ್ಸಿಟಾಲೋಪ್ರಾಮನ್ನು ಬೇರೆ ಮಾತ್ರೆಯಾಗಿ ಮುಂದುವರಿಸಿ, ಕ್ಲೋನಜೆಪಾಮ್ ಇಳಿಸುವ ಲೆಕ್ಕ ಬರೆದುಕೊಟ್ಟರು. ಅದು ತಿಂಗಳುಗಳ ಕೆಲಸ. 2025ರಲ್ಲಿ ಬಂದ ಅಮೆರಿಕದ ಮಾರ್ಗಸೂಚಿಯೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ನೂರಕ್ಕೆ 5ರಿಂದ 10ರಷ್ಟು ಇಳಿಸಿ ನೋಡಿ ಅನ್ನುತ್ತದೆ. ವೇಗ ಒಬ್ಬೊಬ್ಬರಿಗೆ ಒಂದೊಂದು, ಅದನ್ನು ಗೊತ್ತು ಮಾಡುವವರು ಡಾಕ್ಟರು. ಕೌಂಟರ್‌ನವನಾದ ನಾನೂ ಅಲ್ಲ, ಮನೆಯವರೂ ಅಲ್ಲ.

ಆಮೇಲೆ ನಾನು ಕೇಳುವ ಪ್ರಶ್ನೆ ಬದಲಾಯಿತು. "ಬೇರೆ ಏನಾದರೂ ಮಾತ್ರೆ ತಗೋತೀರಾ?" ಅಂದರೆ ಹತ್ತರಲ್ಲಿ ಒಂಬತ್ತು ಜನ "ಏನಿಲ್ಲ" ಅನ್ನುತ್ತಾರೆ. "ನಿದ್ದೆಗೆ? ಕೆಮ್ಮಿಗೆ? ನೋವಿಗೆ?" ಅಂತ ಒಂದೊಂದಾಗಿ ಕೇಳಿದರೆ ಹೊರಗೆ ಬರುತ್ತದೆ. ನೋವಿನದು, ಕೆಮ್ಮಿನದು ಕೇಳುವುದು ಸುಮ್ಮನೆ ಅಲ್ಲ. ಟ್ರಾಮಡಾಲ್, ಕೋಡೀನ್‌ನಂಥ ಓಪಿಯಾಯ್ಡ್ (ಅಫೀಮಿನ ಜಾತಿಯ ಔಷಧಿ) ಜೊತೆ ಬೆಂಜೋಡಯಜೆಪಿನ್ ಸೇರಿದರೆ ಉಸಿರೇ ನಿಧಾನವಾಗಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಇದಕ್ಕೆ ತನ್ನ ಅತಿ ಗಟ್ಟಿ ಎಚ್ಚರಿಕೆ ಹಾಕಿಸಿತು. ಮದ್ಯಕ್ಕೂ ಇದೇ ಮಾತು. ಅದನ್ನು ಕೇಳುವಾಗ ದನಿ ತಗ್ಗಿಸುತ್ತೇನೆ. ಸಾಲಿನಲ್ಲಿ ಹಿಂದೆ ನಿಂತವರಿಗೆ ಕೇಳಿಸುವಂತಿದ್ದರೆ ಯಾರೂ ನಿಜ ಹೇಳಲ್ಲ. ಎದೆ ಹೊಡೆದುಕೊಳ್ಳುವುದಕ್ಕೆ ಪ್ರೊಪ್ರನಲಾಲ್ ಬರೆದಿದ್ದರೆ ಅಸ್ತಮಾ ಇದೆಯಾ ಅಂತ ಕೇಳಿಯೇ ಕೊಡುವುದು, ಅದು ಉಸಿರಿನ ನಾಳ ಬಿಗಿಸಬಹುದು. ಇದ್ದರೆ ಕೊಡಲ್ಲ, ಡಾಕ್ಟರಿಗೆ ಫೋನ್.

ಇನ್ನೊಂದು ತಾಪತ್ರಯ ಇದಕ್ಕೆ ತದ್ವಿರುದ್ಧ. ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್‌ನಂಥ ಖಿನ್ನತೆ, ಗಾಬರಿಯ ಮಾತ್ರೆ ಶುರು ಮಾಡಿದವರು ಆರನೇ ದಿನಕ್ಕೆ ಬಂದು "ಇದೇನೂ ಕೆಲಸ ಮಾಡ್ತಿಲ್ಲ, ಚಡಪಡಿಕೆ ಜಾಸ್ತಿ ಆಯ್ತು, ಬಿಟ್ಟುಬಿಟ್ಟೆ" ಅನ್ನುತ್ತಾರೆ. ಮೊದಲ ಒಂದೆರಡು ವಾರ ಹಾಗಾಗುವುದುಂಟು, ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ ಅಂತ ಕೊಡುವಾಗಲೇ ಹೇಳದಿದ್ದರೆ ಅದು ನಮ್ಮದೇ ತಪ್ಪು. 25ರೊಳಗಿನವರಾದರೆ ಜೊತೆಯಲ್ಲಿರುವವರಿಗೂ ಒಂದು ಮಾತು ಹೇಳುತ್ತೇನೆ: ಮನಸ್ಸು ಕುಗ್ಗಿದಂತೆ ಕಂಡರೆ, ಸಾಯುವ ಮಾತು ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ತಕ್ಷಣ ಡಾಕ್ಟರನ್ನು ಕಾಣಿ.

ಈಗ ಸ್ಟ್ರಿಪ್ ಕೊಡುವ ಮೊದಲು ಹೆಸರಿರುವ ತುದಿಗೆ ಪೆನ್ನಿನಲ್ಲಿ ಗೆರೆ ಎಳೆದು, "ಈ ಕಡೆಯದು ಕೊನೆಗೆ" ಅನ್ನುತ್ತೇನೆ. ಕೆಲವರು ನಗುತ್ತಾರೆ. ಅಜ್ಜಿಯ ಮಗ ಹೋದ ಸಲ ಖಾಲಿ ಸ್ಟ್ರಿಪ್ ತಂದು ತೋರಿಸಿದರು. ಗೆರೆ ಎಳೆದ ತುದಿ ಹಾಗೇ ಇತ್ತು.